ಮೆಂಬ್ರೇನ್ ಬದಲಿಸುವ ಮೊದಲು ಆ ಸ್ಕ್ರೂ ನೋಡಿ

ಅಕ್ವೇರಿಯಂಗೆ ಹಿಡಿಯುವ ಆರ್‌ಒ ನೀರಿನ ಟಿಡಿಎಸ್ (ನೀರಲ್ಲಿ ಕರಗಿದ ಲವಣಗಳ ಪ್ರಮಾಣ) ಏರಿದರೆ ಮೆಂಬ್ರೇನ್, ಅಂದರೆ ಮೆಷಿನ್‌ನೊಳಗಿನ ಸೋಸುವ ಪೊರೆ, ಬದಲಿಸಿ ಅಂತ ಒಂದು ಲೇಖನದಲ್ಲಿ ಓದಿದೆ. ಸ್ವಲ್ಪ ತಡೀರಿ! ನಮ್ಮದು ಬೋರ್‌ವೆಲ್ ನೀರು, ಟಿಡಿಎಸ್ 900ರ ಹತ್ತಿರ. ಅಡುಗೆಮನೆಯ ಆರ್‌ಒದಿಂದ ಅಕ್ವೇರಿಯಂಗೆ ಹಿಡಿದ ನೀರು 140 ತೋರಿಸುತ್ತಿತ್ತು. ಹೊಸ ಮೆಂಬ್ರೇನ್ ಹಾಕಿಸಿದೆ, ದುಡ್ಡು ಹೋಯಿತು, ಮೀಟರ್ ಅಲ್ಲೇ ನಿಂತಿತ್ತು. ಆಮೇಲೆ ನೋಡಿದರೆ ಟಿಡಿಎಸ್ ಕಂಟ್ರೋಲರ್ ಅರ್ಧ ತೆರೆದಿತ್ತು. ಕುಡಿಯೋ ನೀರಿಗೆ ರುಚಿ ಬರಲಿ ಅಂತ ಸ್ವಲ್ಪ ಬೋರ್ ನೀರನ್ನೇ ಬೆರೆಸುವ ಪುಟ್ಟ ಸ್ಕ್ರೂ ಅದು. ಪೂರ್ತಿ ತಿರುಗಿಸಿ ಮುಚ್ಚಿದೆ, 45ಕ್ಕೆ ಇಳಿಯಿತು. ಶುದ್ಧವಾದ ನೀರಿಗೆ ಮತ್ತೆ ಖನಿಜ ಸೇರಿಸುವ ಮಿನರಲ್ ಕಾರ್ಟ್ರಿಡ್ಜ್ ಇದ್ದರೆ, ಅದಕ್ಕಿಂತ ಮೊದಲೇ ಪೈಪ್ ತೆಗೆದು ನೀರು ಹಿಡಿಯಿರಿ. ರಾತ್ರಿಯಿಡೀ ನಿಂತ ಮೆಷಿನ್‌ನಿಂದ ಬರುವ ಮೊದಲ ಒಂದೆರಡು ಲೀಟರಿನಲ್ಲಿ ಟಿಡಿಎಸ್ ಜಾಸ್ತಿನೇ ಇರುತ್ತೆ. ಅದು ಅಕ್ವೇರಿಯಂಗಲ್ಲ, ಕುಂಡದ ಗಿಡಕ್ಕೆ.