ಭಾನುವಾರ ಏನು ಸ್ಪೆಷಲ್?

ಮೊನ್ನೆ ಶನಿವಾರದ ಸಿಟ್ಟು ಇನ್ನೂ ಇಳಿದಿಲ್ಲ. ಲಾಲ್‌ಬಾಗ್ 240 ಎಕರೆ ಇದೆ. ನಾವಿಬ್ಬರು ಕೂತಿದ್ದು ಹೆಚ್ಚೆಂದರೆ ನಾಲ್ಕಡಿ ಜಾಗದಲ್ಲಿ. ಆ ನಾಲ್ಕಡಿಗೇ ನಮ್ಮ ಸೋದರತ್ತೆ ಬಂದು ನಿಲ್ಲಬೇಕಾ?

ಜಾಗ ಹುಡುಕೋಕೇ ಒಂದು ವಾರ ತಲೆ ಕೆಡಿಸಿಕೊಂಡಿದ್ದೆವು. ಕೆಫೆಗೆ ಹೋದರೆ ಆಫೀಸಿನವರು. ಮಾಲ್‌ಗೆ ಹೋದರೆ ಚಿಕ್ಕಮ್ಮನ ಮಕ್ಕಳು. ಅವನ ರೂಮಿನ ಓನರ್ ಗೇಟಿನ ಎದುರಿಗೇ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಕೊನೆಗೆ ಲಾಲ್‌ಬಾಗ್ ಬಂಡೆ ಅಂತ ಆಯ್ತು. ಬೆಳಗ್ಗೆ ಹೋದರೆ ಬಸವನಗುಡಿ, ಜಯನಗರದ ವಾಕಿಂಗ್ ಬಳಗ ಪೂರ್ತಿ ಅಲ್ಲೇ ಇರುತ್ತೆ. ಅದಕ್ಕೇ ಮಧ್ಯಾಹ್ನ ಮೂರು ಗಂಟೆ. ಆ ಬಿಸಿಲಲ್ಲಿ ಬಂಡೆ ಹತ್ತೋಕೆ ನಮ್ಮಂಥ ಗತಿಗೆಟ್ಟವರೇ ಬರಬೇಕು ಅನ್ನೋದು ನನ್ನ ಲೆಕ್ಕ.

ಸುಮಾರು 300 ಕೋಟಿ ವರ್ಷದ ಬಂಡೆ ಅದು. ಇಷ್ಟು ವರ್ಷದಲ್ಲಿ ಎಂಥೆಂಥದನ್ನೋ ನೋಡಿರುತ್ತೆ, ಒಂದು ಸಲವೂ ಯಾರ ಮನೆಗೂ ಫೋನ್ ಮಾಡಿಲ್ಲ.

ಅತ್ತೆ ತುಮಕೂರಿಂದ ಬಂದ ನೆಂಟರಿಗೆ ಕೆಂಪೇಗೌಡರ ಗೋಪುರ ತೋರಿಸೋಕೆ ಕರ್ಕೊಂಡು ಬಂದಿದ್ದರು. ಗೋಪುರ ಅದರ ಪಾಡಿಗೆ ಅಲ್ಲೇ ಉಳೀತು. ಐದೂ ಜನ ಬಂದು ನಮ್ಮ ಸುತ್ತ ನಿಂತರು.

"ಕೊಲೀಗ್" ಅಂದೆ. ಶನಿವಾರ, ಬಂಡೆ ಮೇಲೆ, ಒಂದೇ ಕೊಡೆ ಕೆಳಗೆ, ಕೊಲೀಗ್.

"ಅಯ್ಯೋ, ನಾನೇನೂ ತಪ್ಪು ತಿಳ್ಕೊಳ್ಳಲ್ಲಪ್ಪ, ಈಗಿನ ಕಾಲ" ಅಂತ ಅತ್ತೆ ಪಕ್ಕದಲ್ಲೇ ಕೂತರು. ಈ ಮಾತು ಬಂತು ಅಂದರೆ ಮುಗೀತು. ಅತ್ತೆ ಎಂದೂ ಜಾತಿ ಕೇಳೋದಿಲ್ಲ. "ಛೇ, ಅದನ್ನೆಲ್ಲ ಈಗ ಯಾರು ಕೇಳ್ತಾರೆ" ಅನ್ನುತ್ತಾರೆ. ಅಡುಗೆ ಕೇಳುತ್ತಾರೆ.

"ಯಾವೂರಪ್ಪ?"

"ಹಾಸನ, ಆಂಟಿ."

ಹಾಸನದಲ್ಲಿ ಎಲ್ಲರೂ ಇದ್ದಾರೆ. ಅತ್ತೆಗೆ ಉಪಯೋಗ ಆಗಲಿಲ್ಲ.

"ನಿಮ್ಮ ಕಡೆ ಹುಳಿಗೆ ಬೆಲ್ಲ ಹಾಕ್ತಾರಾ?"

"ಮೆಸ್ ಊಟ ಆಂಟಿ. ಅವರು ಹಾಕಿದ್ದೇ."

"ಬೆಳ್ಳುಳ್ಳಿ?"

"ಅದನ್ನೂ ಹಾಕ್ತಾರೆ."

"ಮನೆದೇವ್ರು ಯಾವ್ದು?"

ನಾನು ಮೆಲ್ಲಗೆ ಅವನ ಕಾಲು ತುಳಿದೆ. ಅವನಿಗೆ ಅರ್ಥವಾಗಲಿಲ್ಲ. "ವರ್ಷಕ್ಕೊಂದ್ಸಲ ವ್ಯಾನಲ್ಲಿ ಕರ್ಕೊಂಡು ಹೋಗ್ತಾರೆ ಆಂಟಿ, ನಾನು ದಾರಿ ಪೂರ್ತಿ ನಿದ್ದೆ ಮಾಡಿರ್ತೀನಿ" ಅಂದ.

ಕೊನೆಗೆ ಅತ್ತೆ ಬ್ರಹ್ಮಾಸ್ತ್ರ ತೆಗೆದರು. "ಭಾನುವಾರ ಮನೇಲಿ ಏನು ಸ್ಪೆಷಲ್?"

ಈ ಪ್ರಶ್ನೆಯ ಅರ್ಥ ನಿಮಗೂ ಗೊತ್ತಲ್ವಾ? ಕೋಳಿನಾ, ಅಲ್ಲವಾ? ಅಷ್ಟೇ. ಒಂದೇ ಜರಡಿ, ಅರ್ಧ ಊರು ಕೆಳಕ್ಕೆ. ತುಮಕೂರಿನವರೂ ಮುಂದೆ ಬಾಗಿದರು. ಅವನು ಬಹಳ ಹೊತ್ತು ಯೋಚನೆ ಮಾಡಿದ. ಪಾಪ, ಪ್ರಾಮಾಣಿಕ.

"ಭಾನುವಾರ ಬಟ್ಟೆ ಒಗೀತೀನಿ, ಆಂಟಿ."

ಅಂತರ್ಜಾತಿಯವರು 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆ ಆಗಬೇಕಾದರೆ ಆಕ್ಷೇಪಣೆ ಬರಲಿ ಅಂತ 30 ದಿನ ಕಾಯಬೇಕು. ನೋಟಿಸ್ ಬೇರೆ ಅಂಟಿಸುತ್ತಾರೆ. ನಮ್ಮ ಅತ್ತೆಯನ್ನು ಆ ಆಫೀಸಲ್ಲಿ ಕೂರಿಸಿದರೆ ಊಟದ ಹೊತ್ತಿಗೆ ಕೆಲಸ ಮುಗಿಸಿಕೊಡುತ್ತಾರೆ.

ನನಗೆ ಹೊಟ್ಟೆ ಉರಿಯೋದು ಇನ್ನೊಂದಕ್ಕೆ. ಇದೇ ಅತ್ತೆ ಹೋದ ವರ್ಷ ನನ್ನ ಫೋಟೋ, ಎತ್ತರ, ಸಂಬಳ, ನಕ್ಷತ್ರ ಎಲ್ಲ ಸೇರಿಸಿ ಕಂಡಕಂಡ ವಾಟ್ಸಾಪ್ ಗ್ರೂಪಿಗೆಲ್ಲ ಹಾಕಿದ್ದರು. ಮುಖ ಕಾಣದ ಗಂಡಸರೆಲ್ಲ ನನ್ನ ಫೋಟೋ ಹಿಗ್ಗಿಸಿ ಹಿಗ್ಗಿಸಿ ನೋಡಬಹುದು, ಅದು ಸಂಪ್ರದಾಯ. ಗುರುತಿರೋ ಒಬ್ಬನ ಜೊತೆ ಕೂತು ಕಡ್ಲೆಕಾಯಿ ತಿಂದರೆ ಮಾತ್ರ ಮನೆ ಮರ್ಯಾದೆ ನೆನಪಾಗುತ್ತೆ. ಹುಡುಗಿ ನೋಡೋಕೆ ಬಂದವನ ಜೊತೆ ಟೆರೇಸಿಗೆ ಹೋಗಿ ಮಾತಾಡ್ಕೊಂಡು ಬಾ ಅಂತ ಇವರೇ ತಳ್ಳಿದ್ದರು. ಅಲ್ಲಿ ಒಣಗಿಹಾಕಿದ್ದ ಸಂಡಿಗೆ ನೋಡುತ್ತ ನಿಂತು, ಇಬ್ಬರೂ ಮಾತಿಲ್ಲದೆ ಇಳಿದು ಬಂದಿದ್ದೆವು.

ಏಳುವಾಗ ಅತ್ತೆ ಮಂಡಿ ಹಿಡಿದುಕೊಂಡು ಸ್ವಲ್ಪ ಹೊತ್ತು ಗಾಜಿನ ಮನೆ ಕಡೆ ನೋಡಿದರು. "ಮದುವೆಯಾದ ಹೊಸದರಲ್ಲಿ ನಿಮ್ಮ ಮಾವ ಇಲ್ಲಿಗೆ ಕರ್ಕೊಂಡು ಬಂದಿದ್ರು ಕಣೆ, ಜನವರಿ 26ರ ಫ್ಲವರ್ ಶೋಗೆ. ಅವರು ನಾಲ್ಕು ಹೆಜ್ಜೆ ಮುಂದೆ, ನಾನು ಹಿಂದೆ. ಯಾವ ಹೂವನ್ನ ನೋಡಿದ್ನೋ ಏನೋ. ಅವರ ಬಿಳಿ ಶರ್ಟು ಎಲ್ಲಿ ತಪ್ಪಿಹೋಗುತ್ತೋ ಅಂತ ಅದನ್ನೇ ನೋಡ್ಕೊಂಡು ನಡೆದಿದ್ದಾಯ್ತು."

ಆಮೇಲೆ ಅವನ ಕಡೆ ತಿರುಗಿ, "ಬಿಸಿಲು ಜಾಸ್ತಿ, ಕೊಡೆ ಸರಿಯಾಗಿ ಹಿಡ್ಕೊಳ್ಳಪ್ಪ" ಅಂದರು.

ನನ್ನ ಮನಸ್ಸು ಕರಗಿಬಿಟ್ಟಿತು. ಪಾಪ, ಇವರು ಮನೆಗೆ ಹೇಳಲಿಕ್ಕಿಲ್ಲ ಅಂದುಕೊಂಡೆ.

ಲಾಲ್‌ಬಾಗ್ ಮೆಟ್ರೋ ಮೆಟ್ಟಿಲು ಹತ್ತುವಷ್ಟರಲ್ಲಿ ಅಮ್ಮನ ಫೋನ್. ಎತ್ತಿದೆ. ಆ ಕಡೆ ಮಾತೇ ಇಲ್ಲ. ಬೈಗುಳಕ್ಕೆ ತಯಾರಾಗಿ ನಿಂತೆ.

"ಭಾನುವಾರ ಬಟ್ಟೆ ಒಗೀತಾನಂತೆ?"

"ಹೂಂ."

"ಅವನದ್ದು ಅವನೇನಾ?"

"ಹೂಂ ಅಮ್ಮ."

ಹಿಂದಿನಿಂದ ಅಪ್ಪ "ನನ್ನ ಬನಿಯನ್ ಎಲ್ಲಿ" ಅಂತ ಕೂಗಿದ್ದು ಕೇಳಿಸಿತು. ಅಮ್ಮ ಅದಕ್ಕೆ ಉತ್ತರ ಕೊಡಲಿಲ್ಲ. ದನಿ ತಗ್ಗಿಸಿ ಕೇಳಿದಳು.

"ಕೈಯಲ್ಲಾ, ಮಷೀನಲ್ಲಾ?"