ಕೆಂಪು ಲೋಳೆ, ಕರಿ ಟರ್ಪಾಲು, ಮಾವನ ಟಾರ್ಚು

ಬೆಳಗ್ಗೆ ನೋಡುವಾಗ ಹವಳ, ಮೀನು ಸಾಕುವ ನನ್ನ ಉಪ್ಪುನೀರಿನ ಅಕ್ವೇರಿಯಂ ಟ್ಯಾಂಕಿನ ಮರಳು ಬೆಳ್ಳಗೆ ಇತ್ತು. ಮಧ್ಯಾಹ್ನ ಊಟ ಮುಗಿಸಿ ಬಂದರೆ, ಯಾರೋ ಎಲೆಯಡಿಕೆ ಜಗಿದು ಉಗಿದು ಹೋದ ಹಾಗೆ, ಅದೇ ಮೂಲೆಯಲ್ಲಿ ಅದೇ ಕೆಂಪು ಲೋಳೆ. ಮೇಲೆ ಗುಳ್ಳೆಗಳ ಅಲಂಕಾರ ಬೇರೆ. ಮನೆಗೆ ಬಂದ ನೆಂಟರೊಬ್ಬರು "ಆ ಕೆಂಪು ಕಾರ್ಪೆಟ್ ಎಲ್ಲಿ ಸಿಗುತ್ತದೆ?" ಎಂದು ಕೇಳಿದರು. ಇಲ್ಲೇ ಸಿಗುತ್ತದೆ, ಎಷ್ಟು ಬೇಕಾದರೂ ಕೊಂಡುಹೋಗಿ ಎಂದೆ.

ಅದು ಸಯನೋಬ್ಯಾಕ್ಟೀರಿಯಾ. ನೋಡಲಿಕ್ಕೆ ಪಾಚಿ, ಜಾತಿಯಲ್ಲಿ ಬ್ಯಾಕ್ಟೀರಿಯಾ. ಫೈಕೋಎರಿಥ್ರಿನ್ ಎಂಬ ಬಣ್ಣದಿಂದ ಕೆಂಪು. ರಾತ್ರಿ ಲೈಟು ಆರಿದರೆ ತೆಳ್ಳಗಾಗಿ ಮಾಯವಾದಂತೆ ನಟಿಸುತ್ತದೆ, ಲೈಟು ಹೊತ್ತಿದ ಮೇಲೆ ಮತ್ತೆ ಹಾಜರು. ಶಂಖದಹುಳ ತಿನ್ನುತ್ತದೆ ಎಂದು ಅಂಗಡಿಯವನು ಮಾರಿದ. ಆ ಹುಳ ಲೋಳೆಯ ಅಂಚಿನವರೆಗೆ ಬಂದು, ಮೂಸಿ, ಸುತ್ತು ಬಳಸಿ ಹೋಗುತ್ತದೆ.

ಕಾಸರಗೋಡು ಜಿಲ್ಲೆಯ ಕುಂಬಳೆಯ ನಮ್ಮ ಮನೆಯ ಜಗಲಿಯಲ್ಲಿ ಕುಳಿತರೆ ಮಳೆಗಾಲದಲ್ಲಿ ಸಮುದ್ರದ ಬೊಬ್ಬೆ ಕೇಳುತ್ತದೆ. ಹಾಗೆ ಕೇಳಿಸಿಕೊಳ್ಳುತ್ತಲೇ ನಾನು ಬಕೆಟಿನಲ್ಲಿ ಸಮುದ್ರ ತಯಾರಿಸುತ್ತೇನೆ: ಕೊರಿಯರಿನಲ್ಲಿ ಬಂದ ಉಪ್ಪು, ಲೀಟರಿಗೆ ಸುಮಾರು 35 ಗ್ರಾಂ. ಅರಬ್ಬಿ ಸಮುದ್ರ ಅಲ್ಲೇ ಪುಕ್ಕಟೆ ಬಿದ್ದಿರುವಾಗ ಇವನಿಗೆ ಮರುಳು ಎಂದು ಊರಿನವರ ತೀರ್ಮಾನ. ಜಿಲ್ಲೆಯ 12 ಹೊಳೆಗಳು ಕೆಸರು, ಗೊಬ್ಬರ, ಸಿಹಿನೀರು ಎಲ್ಲ ತಂದು ಸುರಿಯುವ ಹೊತ್ತಿನಲ್ಲಿ ದಡದ ನೀರು ಎತ್ತಿ ತಂದರೆ ಹವಳ ಬದುಕುತ್ತದಾ? ನೀರಿಗೆಂದೇ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದಿಂದ ಬರುವ ನೀರು ನಮಗೆ ಕುಡಿಯಲು ಚಿನ್ನದಂಥದ್ದು, ಆದರೆ ಅದನ್ನೂ ಆರ್‌ಓಗೆ ಹಾಕಿ ಸೋಸಬೇಕು. ಒಂದು ಲೀಟರ್ ಇಳಿಯುವಾಗ ಎರಡು-ಮೂರು ಲೀಟರ್ ತೆಂಗಿನ ಬುಡಕ್ಕೆ ಹರಿಯುತ್ತದೆ. ಈ ವೈಭೋಗದಲ್ಲಿ ಸುಖವಾಗಿರುವುದು ತೆಂಗಿನಮರ ಒಂದೇ.

ನೀರಿನಲ್ಲಿ ನೈಟ್ರೇಟು-ಫಾಸ್ಫೇಟು ಏರುಪೇರಾದರೆ, ನೀರಿನ ಓಟ ಕಡಿಮೆಯಾದರೆ, ತಿಂಡಿ ಜಾಸ್ತಿಯಾದರೆ ಲೋಳೆ ಬರುತ್ತದೆ. ಜೂನ್ ಬಂತೆಂದರೆ ಕರೆಂಟು ಹೋಗಿ ಪಂಪು ನಿಲ್ಲುತ್ತದೆ. ಓಟದ ಮಾತು ಅಲ್ಲಿಗೆ ಮುಗಿಯಿತು. ತಿಂಡಿಯ ವಿಷಯಕ್ಕೆ ಬಂದರೆ ಸೋದರಮಾವನ ಹೆಸರು ಎತ್ತಲೇಬೇಕು.

ಮಾವನ ಮನೆ ತೋಟದ ಆಚೆ. ಸಂಜೆ ಚಾಯಕ್ಕೆ ಬರುವಾಗ ಅಂಗಿ ಕಿಸೆಯಲ್ಲಿ ಒಂದು ಹಿಡಿ ಅವಲಕ್ಕಿ ಇರುತ್ತದೆ. ಬೇಡ ಮಾವ ಎಂದರೆ, "ಅನಂತಪುರ ದೇವಸ್ಥಾನದ ಕೆರೆಯ ಮೊಸಳೆ ಬಬಿಯಾ 2022ರಲ್ಲಿ ತೀರಿಹೋಗುವವರೆಗೆ ದೇವರ ನೈವೇದ್ಯದ ಅನ್ನ ತಿಂದುಕೊಂಡು ಇತ್ತು. ಮೊಸಳೆಗೆ ಆಗುತ್ತದೆ, ನಿನ್ನ ಅಂಗುಲದ ಮೀನಿಗೆ ಆಗುವುದಿಲ್ಲವಾ?" ಇದಕ್ಕೆ ಉತ್ತರ ಯಾವ ಅಕ್ವೇರಿಯಂ ಪುಸ್ತಕದಲ್ಲೂ ಇಲ್ಲ.

ಲೋಳೆ ಕಂಡ ದಿನ ಮಾವ ಕನ್ನಡಕ ಏರಿಸಿ, ಗಾಜಿಗೆ ಮೂಗು ಒತ್ತಿ, "ಎಂತ ಮಾರಾಯ, ಇದಕ್ಕೆ ಒಂದು ಮದ್ದು ಬಿಟ್ಟರೆ ಆಯಿತು" ಎಂದ. ಅಡಿಕೆಗೆ ಮಹಾಳಿ ಎಂಬ ಕೊಳೆರೋಗ ಬಾರದಂತೆ ಬಿಡುವ ಬೋರ್ಡೋ ದ್ರಾವಣ: 1 ಕಿಲೋ ಮೈಲುತುತ್ತು ಎಂಬ ತಾಮ್ರದ ಉಪ್ಪು, 1 ಕಿಲೋ ಸುಣ್ಣ, 100 ಲೀಟರ್ ನೀರು. ಪಾಕ ಸರಿಯಾಯಿತಾ ಎಂದು ಕತ್ತಿಯ ಅಲಗು ಅದ್ದಿ ನೋಡುತ್ತಾರಲ್ಲ, ತಾಮ್ರ ಅಂಟಿದರೆ ಇನ್ನಷ್ಟು ಸುಣ್ಣ. ಆ ಕತ್ತಿಯನ್ನೂ ತಂದಿದ್ದ. ಮಾವನ ಮದ್ದು ನಾಟುವುದಿಲ್ಲ ಎಂದಲ್ಲ. ನಾಟುತ್ತದೆ. ಲೋಳೆಯ ಜೊತೆಗೆ ಹವಳ, ಸಿಗಡಿ, ಆ ಬಡಪಾಯಿ ಶಂಖದಹುಳ ಎಲ್ಲ ಒಂದೇ ಹೊತ್ತಿನಲ್ಲಿ ವೈಕುಂಠ ಸೇರುತ್ತವೆ. ತಾಮ್ರವೆಂದರೆ ಅವಕ್ಕೆ ವಿಷ.

ಎರಿಥ್ರೊಮೈಸಿನ್ ಎಂಬ ಆಂಟಿಬಯೋಟಿಕ್ ಹಾಕಿದರೆ ಲೋಳೆ ಸಾಯುತ್ತದೆ, ಸೋಸುವ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ಪೆಟ್ಟು ಬೀಳಬಹುದು ಎಂಬ ಭಯ. ಹಾಗಾಗಿ ಪೈಪಿನಲ್ಲಿ ಆದಷ್ಟು ಲೋಳೆ ಹೀರಿ ತೆಗೆದು, ಮೂರು ದಿನ ಕತ್ತಲೆಯಲ್ಲಿಡುವ ಉಪಾಯಕ್ಕೆ ಕೈ ಹಾಕಿದೆ. ಬೆಳಕಿಲ್ಲದೆ ಲೋಳೆ ಸೊರಗುತ್ತದೆ, ಹವಳ ಹೇಗೋ ತಡೆದುಕೊಳ್ಳುತ್ತದೆ. ಲೋಳೆ ಕೊಳೆಯುವಾಗ ಆಮ್ಲಜನಕ ಇಳಿಯುತ್ತದೆಂದು ಗಾಳಿಯ ಪಂಪು ಇಟ್ಟು, ಅಡಿಕೆ ಅಂಗಳದ ಕರಿ ಟರ್ಪಾಲು ಸುತ್ತಿ, ಹಗ್ಗ ಬಿಗಿದೆ.

ಮಾವ ಬಂದ. ಟರ್ಪಾಲು ನೋಡಿ, ಚಪ್ಪಲಿ ಹೊರಗೇ ಬಿಟ್ಟು, ದನಿ ತಗ್ಗಿಸಿ "ಯಾವಾಗ ಹೋದದ್ದು?" ಎಂದ. ಯಾರೂ ಹೋಗಲಿಲ್ಲ, ಕತ್ತಲೆ ಚಿಕಿತ್ಸೆ ಎಂದು ವಿವರಿಸಿದೆ. ಗಂಭೀರವಾಗಿ ತಲೆಯಾಡಿಸಿದ. ನಾನು ಚಾಯ ತರಲು ಒಳಗೆ ಹೋದದ್ದೇ ತಡ, ಟರ್ಪಾಲಿನ ಮೂಲೆ ಎತ್ತಿ ಮೊಬೈಲ್ ಟಾರ್ಚು ಒಳಗೆ ಬಿಟ್ಟಿದ್ದ. "ಸತ್ತಿತಾ ನೋಡಿದೆ. ಇಲ್ಲ." ರಾತ್ರಿ ಊಟವಾದ ಮೇಲೆ ತೋಟದ ಆಚೆಯಿಂದ ಒಂದು ಬೆಳಕು ಕುಣಿಯುತ್ತಾ ಬಂತು. "ಈಗ?" ಮರುದಿನ ಪೇಪರ್ ಓದಲಿಕ್ಕೆ ಬಂದ, ಪೇಪರ್ ಓದಲಿಲ್ಲ. ಸಾಲದ್ದಕ್ಕೆ ಹಾಲು ತಂದ ಹುಡುಗನಿಗೂ ಒಂದು ದರ್ಶನ ಮಾಡಿಸಿದ. ಅಷ್ಟು ಬೆಳಕಿಗೆ ಲೋಳೆ ಚೇತರಿಸಿಕೊಳ್ಳುವುದಿಲ್ಲ, ಅದು ನನಗೂ ಗೊತ್ತು. ಆದರೆ ಕ್ಲೌನ್ ಮೀನಿಗೆ ಹಗಲು-ರಾತ್ರಿ ಗೊಂದಲ, ನನಗೆ ಬಿಪಿ.

ಈ ಲೋಳೆಯ ಪೂರ್ವಜರೇ ಸುಮಾರು 240 ಕೋಟಿ ವರ್ಷಗಳ ಹಿಂದೆ ಭೂಮಿಯ ಗಾಳಿಗೆ ಆಮ್ಲಜನಕ ತುಂಬಿದ್ದು. ಇದರ ನೆಂಟರು ನಮ್ಮ ಗದ್ದೆಯ ನಿಂತ ನೀರಿನಲ್ಲೂ ಇದ್ದರು. ಗಾಳಿಯ ಸಾರಜನಕ ಹಿಡಿದು ಭತ್ತಕ್ಕೆ ಗೊಬ್ಬರ ಮಾಡಿಕೊಡುವವರು. ಶಾಲೆಗೆ ಹೋಗುವಾಗ ಹುಣಿಯಲ್ಲಿ ಜಾರಿ ಚೀಲಸಮೇತ ಆ ನೀರಿಗೆ ಬಿದ್ದದ್ದುಂಟು. ಅಜ್ಜ ಬೈಯುತ್ತಿದ್ದದ್ದು ನನಗೆ, ಪಾಚಿಗಲ್ಲ. ಈಗ ಅಲ್ಲಿ ಗದ್ದೆ ಇಲ್ಲ, ಮಾವನ ಅಡಿಕೆ ತೋಟ. ಊರಿನ ನೀರೆಲ್ಲ ಖಾಲಿಯಾಗಿ, ಉಳಿದದ್ದು ನನ್ನ ಗಾಜಿನ ಪೆಟ್ಟಿಗೆ ಎಂದು ಇಲ್ಲಿಗೆ ಬಂದಿರಬೇಕು.

ಲೋಳೆ ಮತ್ತೆ ಬಂತಲ್ಲ, ನಾಳೆಯಿಂದ ಮತ್ತೆ ಕತ್ತಲೆ. ಈ ಸಲ ಟರ್ಪಾಲಿಗೆ ಹೊಲಿಗೆ ಹಾಕುತ್ತೇನೆ ಎಂದು ಮಾವನಿಗೆ ಫೋನಿನಲ್ಲೇ ಹೇಳಿದ್ದೆ. ಈಗಷ್ಟೇ ಬಂದು ಹೋದ. ರಬ್ಬರ್ ಟ್ಯಾಪಿಂಗಿನವರು ತಲೆಗೆ ಕಟ್ಟಿಕೊಳ್ಳುವ ಲೈಟು ತೆಗೆದುಕೊಂಡಿದ್ದಾನೆ. "ಇದಾದರೆ ಎರಡೂ ಕೈ ಖಾಲಿ ಇರುತ್ತದೆ ನೋಡು, ಹೊಲಿಗೆ ಬಿಚ್ಚಲಿಕ್ಕೆ ಸುಲಭ."