ಫಾರ್ಮ್ಯಾಟ್ ಹೊಡೆಯೋ ಮುಂಚೆ ಒಂದ್ನಿಮಿಷ

"96 ಮತ್ತು 8ರ ನಡುವಿನ ಒಂದು ಪೂರ್ಣ ಸಂಖ್ಯೆ ಬೇಕು. ಹತ್ತಿರದ ಸಂಖ್ಯೆಯನ್ನು ಹಾಕಲಾಗಿದೆ."

ಕಂಪ್ಯೂಟರ್ ನನಗೆ ಹೀಗೆ ಹೇಳಿದಾಗ ರಾತ್ರಿ ಒಂಬತ್ತೂವರೆ. ಹೇಳಿದ್ದು ಇಂಗ್ಲಿಷಿನಲ್ಲಿ, ಆದರೆ ಯಾವ ಭಾಷೆಯಲ್ಲಿ ಹೇಳಿದರೂ ಅರ್ಥ ಆಗೋ ಮಾತಲ್ಲ ಅದು. 8 ಮತ್ತು 96ರ ನಡುವೆ ಅಂದರೆ ಬೇಕಾದಷ್ಟು ಸಂಖ್ಯೆ ಇವೆ. 96ಕ್ಕಿಂತ ಜಾಸ್ತಿ, 8ಕ್ಕಿಂತ ಕಮ್ಮಿ ಇರೋದನ್ನ ಎಲ್ಲಿಂದ ತರೋಣ? ಕೌಂಟರಿನ ಆಚೆ ಇಬ್ಬರು ನಿಂತಿದ್ದರು. ಹಿರಿಯ ಮಗ, ಜೊತೆಗೆ ಅವನ ಭಾವಮೈದ. ಕೈಯಲ್ಲಿ ಯಾರದೋ ಮದುವೆಯ ಗ್ರೂಪ್ ಫೋಟೋ. ಎರಡನೇ ಸಾಲಿನಲ್ಲಿ, ಹೆಗಲ ಮೇಲೆ ಟವೆಲ್ಲು, ಕಣ್ಣು ಅರ್ಧ ಮುಚ್ಚಿದ ಅಪ್ಪ.

"ಅಣ್ಣಾ, ಬೆಳಿಗ್ಗೆ ಹತ್ತಕ್ಕೆ ಮಣ್ಣು. ಇದೊಂದೇ ಫೋಟೋ ಇರೋದು."

ಸಣ್ಣ ಊರಿನ ಸ್ಟುಡಿಯೋ ಅಂದರೆ ಗೊತ್ತಲ್ಲ. ಪಾಸ್‌ಪೋರ್ಟ್ ಸೈಜು, ಕರಿಷ್ಮಾ ಆಲ್ಬಂ, ನಾಮಕರಣ, ಸೀಮಂತ, ಬ್ಯಾನರು. ಇದರಲ್ಲೆಲ್ಲ "ನಾಳೆ ಬನ್ನಿ" ಅನ್ನಲಾಗದ ಕೆಲಸ ಒಂದೇ, ಶ್ರದ್ಧಾಂಜಲಿ ಫೋಟೋ. ಮುಖ ಬಿಡಿಸಿ ತೆಗೆಯಬೇಕು. ಪಕ್ಕದವರ ಕೈ ಹೆಗಲ ಮೇಲಿದ್ದರೆ ಅಳಿಸಬೇಕು. ಒಂದು ಶಲ್ಯ ಹೊದಿಸಿ, ಹಿಂದೆ ತಿಳಿ ನೀಲಿ ತುಂಬಿ, ಕೆಳಗೆ ಹೆಸರು, ಜನನ, ಮರಣ. ಕೈ ಓಡಿದರೆ ಅರ್ಧ ಗಂಟೆ.

ಇದು ಆರೇಳು ವರ್ಷದ ಹಿಂದಿನ ಮಾತು. ಅವತ್ತು ಸಂಜೆ ಗಿರಾಕಿ ಕಮ್ಮಿ ಇದ್ದರು ಅಂತ, ತಿಂಗಳುಗಟ್ಟಲೆ ಮುಂದಕ್ಕೆ ಹಾಕಿದ್ದ ಅಪ್‌ಡೇಟನ್ನು ನಾನೇ ಒತ್ತಿದ್ದೆ. ತಪ್ಪು ನನ್ನದೇ. ನೀಲಿ ಪರದೆಯ ಮೇಲೆ ಚುಕ್ಕಿಗಳು ಸುತ್ತುತ್ತಾ ಕೂತವು. ಟೀ ಕುಡಿದು ಬಂದರೂ 27 ಪರ್ಸೆಂಟ್, ಊಟ ಮಾಡಿ ಬಂದರೂ 27 ಪರ್ಸೆಂಟ್. ಅಂತೂ ಮುಗಿಯಿತು. ಫೋಟೋ ತಿದ್ದುವ ಹಳೇ ಸಾಫ್ಟ್‌ವೇರ್ ಎಂದಿನಂತೆ ತೆರೆದುಕೊಂಡಿತು. ಅದರ ಹೆಸರು ಇಲ್ಲಿ ಬೇಡ. ಅನ್ನ ಹಾಕಿದೆ, ಬೈಯೋ ಉದ್ದೇಶ ನನಗಿಲ್ಲ. ಫೋಟೋ ಸ್ಕ್ಯಾನ್ ಮಾಡಿ ಹಾಕಿದೆ, ಮುಖದ ಸುತ್ತ ಗೆರೆ ಎಳೆದೆ. "ಮೆಮೊರಿ ಸಾಲದು" ಅಂತು. 8 ಜಿಬಿ ಮೆಮೊರಿ ಇರೋ ಕಂಪ್ಯೂಟರ್ ಅದು. ಮದುವೆ ಆಲ್ಬಮ್ಮಿನ ಶೀಟುಗಳನ್ನು ಸಾಲಾಗಿ ತೆರೆದಿಟ್ಟಾಗ ಕೂಡ ಉಸಿರೆತ್ತದ್ದು ಒಂದು ಮುಖಕ್ಕೆ ಸಾಲದು ಅಂತಿದೆ. ಸೆಟ್ಟಿಂಗ್‌ಗೆ ಹೋಗಿ ಮೆಮೊರಿ ಸ್ವಲ್ಪ ಜಾಸ್ತಿ ಕೊಡೋಣ ಅಂತ ನೋಡಿದರೆ ಈ 96 ಮತ್ತು 8ರ ಒಗಟು.

ಕೊನೆಗೆ ಹಿಂದಿನ ಬೀದಿಯ ಫ್ಲೆಕ್ಸ್ ಅಂಗಡಿ ಹುಡುಗನನ್ನು ಎಬ್ಬಿಸಿ, ಅವನ ಕಂಪ್ಯೂಟರಿನಲ್ಲಿ ಕೂತು ಮುಗಿಸಿದೆ. ಕಣ್ಣು ಸ್ವಲ್ಪ ತೆರೆದ ಹಾಗೆ ಮಾಡಲಾ ಅಂತ ಕೇಳಿದ್ದಕ್ಕೆ ಮಗ ಬೇಡ ಅಂದ. "ನಮ್ಮಪ್ಪ ಇದ್ದಿದ್ದೇ ಹಂಗೆ."

ಮಾರನೇ ದಿನ ರಿಪೇರಿಯವರು ಬಂದರು. ಮೌಸ್ ಎರಡು ಸಲ ಅಲ್ಲಾಡಿಸಿದರು. "ಸಾರ್, ಫಾರ್ಮ್ಯಾಟ್ ಹೊಡೆದುಬಿಡೋಣ." ಅಂದರೆ ಡಿಸ್ಕಿನಲ್ಲಿರೋದನ್ನ ಅಳಿಸಿ ವಿಂಡೋಸ್ ಹೊಸದಾಗಿ ಹಾಕೋದು.

ನಾನು ಇವತ್ತು ಇಷ್ಟುದ್ದ ಬರೀತಿರೋದು ಈ ಒಂದು ಮಾತಿನ ಮೇಲಿನ ಸಿಟ್ಟಿಗೆ. 2011ರಲ್ಲಿ ಬೇರೆ ಒಬ್ಬರು ಹೀಗೇ ಹೇಳಿದ್ದರು, ನಾನು ತಲೆ ಆಡಿಸಿದ್ದೆ. ಸಿ ಡ್ರೈವ್ ಜೊತೆ ಡಿ ಡ್ರೈವೂ ಹೋಯಿತು. ಎರಡು ವರ್ಷದ ಮದುವೆ, ನಾಮಕರಣ, ಎಲ್ಲ. "ಬ್ಯಾಕಪ್ ಇರಲಿಲ್ವಾ ಸಾರ್?" ಅಂತ ಆಮೇಲೆ ಕೇಳಿದರು. ಒಬ್ಬರು ತಾಯಿ ಈಗಲೂ ಸಂತೆಗೆ ಬಂದಾಗ ಅಂಗಡಿಗೆ ಇಣುಕಿ, "ಮಗಳ ನಾಮಕರಣದ್ದು ಏನಾದ್ರೂ ಸಿಕ್ತಾ?" ಅಂತಾರೆ. ಆ ಮಗಳು ಈಗ ಪಿಯುಸಿ.

ಹಾಗಾಗಿ ಈ ಸಲ ಬೇಡ ಅಂದೆ. ನಮ್ಮ ಅಕ್ಕನ ಮಗ ಡಿಪ್ಲೊಮಾ ಓದುತ್ತಿದ್ದ, ಅವನನ್ನು ಕರೆಸಿದೆ. ಅವನು ಮೌಸ್ ಮುಟ್ಟುವ ಮುಂಚೆ ಕೇಳಿದ ಪ್ರಶ್ನೆ ಇದು: "ಮಾವ, ಬಂದಿರೋ ಮೆಸೇಜನ್ನ ಹಂಗೇ ಟೈಪ್ ಮಾಡಿ ಹುಡುಕಿದ್ರಾ?"

ಇಲ್ಲ. ನಾವು ಯಾರೂ ಹುಡುಕಲ್ಲ. ಮೆಸೇಜ್ ಬಂದ ಕೂಡಲೇ ಓಕೆ ಒತ್ತಿಬಿಡುತ್ತೇವೆ, ಹಲ್ಲಿ ಕಂಡವರ ಹಾಗೆ. ಆಮೇಲೆ ಫೋನ್ ಮಾಡಿ "ಏನೋ ಎರರ್ ಬಂತು" ಅನ್ನುತ್ತೇವೆ.

ಹುಡುಕಿದರೆ ನಮ್ಮಂಥವರು ಊರು ತುಂಬ ಇದ್ದರು. ಹೊಸ ವಿಂಡೋಸ್ ಹೇಳಿದ ಮೆಮೊರಿಯ ಲೆಕ್ಕವನ್ನು ಹಳೇ ಸಾಫ್ಟ್‌ವೇರ್ ತಪ್ಪಾಗಿ ಓದುತ್ತಿತ್ತು. ಕನಿಷ್ಠ 96 ಎಂಬಿ ಬೇಕು, ಇರೋದು ಬರೀ 8 ಅಂತ ಅದರ ತಲೆಯಲ್ಲಿ ಕೂತುಬಿಟ್ಟಿತ್ತು. ಅದಕ್ಕೇ ಆ ಒಗಟು. ಪರಿಹಾರ ಹತ್ತು ನಿಮಿಷದ್ದು. ವಿಂಡೋಸಿನ ಒಳಗಿನ ಸೆಟ್ಟಿಂಗುಗಳೆಲ್ಲ ಕೂತಿರೋ ರೆಜಿಸ್ಟ್ರಿಯ ಎಡಿಟರ್ ತೆರೆದು, ಮೊದಲು ಅದರದ್ದೊಂದು ಕಾಪಿ ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡು, ಕರೆಂಟ್ ಯೂಸರ್ ಕೆಳಗಿನ ಸಾಫ್ಟ್‌ವೇರ್ ವಿಭಾಗದಲ್ಲಿ ಆ ಸಾಫ್ಟ್‌ವೇರಿನ ವರ್ಷನ್ ನಂಬರ್ ಇರೋ ಜಾಗಕ್ಕೆ ಹೋದ. ಅಲ್ಲಿ ಹೊಸದಾಗಿ 32 ಬಿಟ್‌ನ ಒಂದು ಡಿವರ್ಡ್, ಅಂದರೆ ಒಂದು ಸಂಖ್ಯೆ ಬರೆದಿಡೋ ಮನೆ. ಹೆಸರು "ಓವರ್‌ರೈಡ್ ಫಿಸಿಕಲ್ ಮೆಮೊರಿ ಎಂಬಿ", ಇಂಗ್ಲಿಷಿನಲ್ಲಿ, ಮಧ್ಯೆ ಜಾಗ ಬಿಡದೆ. ಡೆಸಿಮಲ್ ಆಯ್ದುಕೊಂಡು 8000 ಅಂತ ಹಾಕಿದ. ಅಂದರೆ, "ಅವರು ಹೇಳಿದ್ದನ್ನ ಬಿಡು, ನಾನು ಹೇಳ್ತೀನಿ, ಇಷ್ಟು ಮೆಮೊರಿ ಇದೆ." ಅಷ್ಟೇ. ಸಾಫ್ಟ್‌ವೇರ್ ಮಗುವಿನ ಹಾಗೆ ಕೆಲಸಕ್ಕೆ ಕೂತಿತು.

ಅವತ್ತಿಂದ ನನಗೊಂದು ಚಟ ಹತ್ತಿತು. ಸುತ್ತಮುತ್ತಲ ಸ್ಟುಡಿಯೋದವರು "ಅಪ್‌ಡೇಟ್ ಆದ ಮೇಲೆ ಓಡ್ತಿಲ್ಲ" ಅಂದರೆ ಹೋಗಿ ನೋಡುತ್ತೇನೆ. ನಾನೇನು ಇಂಜಿನಿಯರ್ ಅಲ್ಲ. ನೋಡಿದ್ದನ್ನ ಹೇಳುತ್ತೇನೆ: ಸಾಫ್ಟ್‌ವೇರೇ ಕೆಟ್ಟಿರೋದು ತೀರಾ ಅಪರೂಪ. ಅದರ ಸುತ್ತ ಇರೋದು ಯಾವುದೋ ಒಂದು ಜಾಗ ಬದಲಿಸಿರುತ್ತದೆ.

ಕನ್ನಡ ಅಕ್ಷರದ್ದೇ ತಗೊಳ್ಳಿ. ನಮ್ಮ ಡಿಸೈನುಗಳೆಲ್ಲ ನುಡಿ ಫಾಂಟಿನಲ್ಲಿ ಇರುವಂಥವು. ಹಳೇ ಫೋಟೋಶಾಪ್‌ಗಳಿಗೆ ಯುನಿಕೋಡ್ ಕನ್ನಡ ಜೋಡಿಸೋಕೆ ಬರುತ್ತಿರಲಿಲ್ಲ, ಒತ್ತಕ್ಷರ ಪಕ್ಕಕ್ಕೆ ಬಂದು ನಿಲ್ಲುತ್ತಿತ್ತು. ಅದಕ್ಕೇ ನಾವೆಲ್ಲ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಆ ಫಾಂಟುಗಳಿಗೆ ಅಂಟಿಕೊಂಡೆವು. ಫಾಂಟ್ ಕಾಣೆಯಾದರೆ ಲಗ್ನಪತ್ರಿಕೆಯ ತುಂಬ ಟೋಪಿ ಹಾಕಿದ, ಬಾಲ ಬಂದ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಜನ ಗಾಬರಿಯಾಗಿ ಫೈಲ್ ಹಾಳಾಯಿತು ಅನ್ನುತ್ತಾರೆ. ಹಾಳಾಗಿಲ್ಲ. ವಿಂಡೋಸ್ 10ರಲ್ಲಿ 2018ರ ಕೊನೆಯಿಂದ ಈಚೆಗೆ ಫಾಂಟ್ ಮೇಲೆ ಸುಮ್ನೆ ಇನ್‌ಸ್ಟಾಲ್ ಅಂತ ಒತ್ತಿದರೆ ಅದು ನಿಮ್ಮೊಬ್ಬರ ಖಾತೆಗೆ ಮಾತ್ರ ಹೋಗಿ ಕೂರುತ್ತದೆ. ಹಳೇ ಸಾಫ್ಟ್‌ವೇರ್ ಆ ಜಾಗವನ್ನು ನೋಡದೇ ಇರಬಹುದು, ಅದು ಹುಡುಕೋದು ವಿಂಡೋಸಿನ ಫಾಂಟ್ ಫೋಲ್ಡರಿನಲ್ಲಿ. ರೈಟ್ ಕ್ಲಿಕ್ ಮಾಡಿ "ಎಲ್ಲ ಬಳಕೆದಾರರಿಗೆ" ಅನ್ನೋದನ್ನ ಒತ್ತಿ ನೋಡಿ. ಆದರೆ ಅಕ್ಷರ ಸರಿಯಾಗಿ ಕಾಣೋ ತನಕ ಆ ಫೈಲನ್ನು ಮಾತ್ರ ಸೇವ್ ಮಾಡಬೇಡಿ. ಬದಲಿ ಫಾಂಟ್ ಹಾಕಲಾ ಅಂತ ಕೇಳಿದರೆ ಬೇಡ ಅನ್ನಿ.

ಇನ್ನೊಬ್ಬರ ಅಂಗಡಿಯಲ್ಲಿ ಫೋಟೋ ಸೇವೇ ಆಗುತ್ತಿರಲಿಲ್ಲ. ಪಿಕ್ಚರ್ಸ್ ಫೋಲ್ಡರಿಗೆ ಹಾಕಿದರೆ ಆಗಲ್ಲ ಅನ್ನೋದು, ಪೆನ್‌ಡ್ರೈವಿಗೆ ಹಾಕಿದರೆ ಆಗೋದು. ಅಲ್ಲೇ ಸುಳಿವು ಸಿಕ್ಕಿತು. ವಿಂಡೋಸ್ ಸೆಕ್ಯುರಿಟಿಯಲ್ಲಿ ಫೋಲ್ಡರ್ ಕಾವಲು ಒಂದಿದೆ, ಒತ್ತೆಹಣ ಕೇಳೋ ವೈರಸ್ಸುಗಳಿಂದ ಕಾಪಾಡೋಕೆ. ಅದನ್ನು ಯಾರೋ ಆನ್ ಮಾಡಿದ್ದರು. ಕಾವಲುಗಾರನಿಗೆ ಹಳೇ ಸಾಫ್ಟ್‌ವೇರಿನ ಪರಿಚಯ ಇರಲಿಲ್ಲ, ಪಟ್ಟಿಗೆ ಸೇರಿಸಿದ ಮೇಲೆ ಬಿಟ್ಟ.

ಮೆನು ಇರುವೆಯಷ್ಟು ಸಣ್ಣದಾಗಿ ಕಾಣುತ್ತೆ ಅಂತ ಒಬ್ಬರು ಭೂತಗನ್ನಡಿ ಹಿಡಿದು ಕೂತಿದ್ದರು, ನಿಜವಾಗಿ. ಹೊಸ ಲ್ಯಾಪ್‌ಟಾಪಿನ ಪರದೆಯಲ್ಲಿ ಚುಕ್ಕಿಗಳು ಜಾಸ್ತಿ, ಹಳೇ ಸಾಫ್ಟ್‌ವೇರಿಗೆ ದೊಡ್ಡದಾಗಿ ತೋರಿಸೋಕೆ ಬರಲ್ಲ. ಐಕಾನಿನ ಪ್ರಾಪರ್ಟೀಸ್, ಅಲ್ಲಿ ಕಂಪ್ಯಾಟಿಬಿಲಿಟಿ, ಅಲ್ಲಿ ಹೈ ಡಿಪಿಐ ಸೆಟ್ಟಿಂಗ್. ಅಳತೆಯನ್ನು ಸಿಸ್ಟಮ್ಮೇ ನೋಡಿಕೊಳ್ಳಲಿ ಅಂತ ಆಯ್ದರೆ ಮೆನು ಕಣ್ಣಿಗೆ ಬರುತ್ತದೆ. ಸ್ವಲ್ಪ ಮಸುಕು, ಆದರೆ ಕನ್ನಡಕ ಬದಲಿಸೋದಕ್ಕಿಂತ ಅಗ್ಗ. ಅದೇ ಕಂಪ್ಯಾಟಿಬಿಲಿಟಿಯಲ್ಲಿ "ಅಡ್ಮಿನಿಸ್ಟ್ರೇಟರ್ ಆಗಿ ಓಡಿಸು" ಅನ್ನೋದಕ್ಕೆ ಟಿಕ್ ಹಾಕಿದವರು ಇನ್ನೊಂದು ತಲೆನೋವು ತಂದುಕೊಂಡಿರುತ್ತಾರೆ. ಫೋಲ್ಡರಿನಿಂದ ಫೋಟೋ ಎಳೆದು ತಂದು ಬಿಟ್ಟರೆ ಬೀಳೋದೇ ಇಲ್ಲ. ಮೌಸ್ ಕೆಟ್ಟಿದೆ ಅಂತ ಹೊಸ ಮೌಸ್ ತಂದವರನ್ನ ನೋಡಿದ್ದೇನೆ. ಅಡ್ಮಿನ್ ಅಧಿಕಾರದಲ್ಲಿ ಓಡೋ ಕಿಟಕಿಗೆ ಸಾಮಾನ್ಯ ಕಿಟಕಿಯಿಂದ ಎಳೆದು ಹಾಕೋಕೆ ವಿಂಡೋಸ್ ಬಿಡಲ್ಲ. ಆ ಟಿಕ್ ತೆಗೆಯಿರಿ, ಮೌಸ್ ಸರಿಹೋಗುತ್ತದೆ.

ತೆರೆಯುವಾಗಲೇ ಬಿದ್ದುಹೋದರೆ ಸೆಟ್ಟಿಂಗ್ ಫೈಲಿನ ಮೇಲೆ ಮೊದಲ ಅನುಮಾನ ಇರಲಿ. ಫೋಟೋಶಾಪ್ ಆದರೆ ಐಕಾನ್ ಒತ್ತಿದ ತಕ್ಷಣ ಕಂಟ್ರೋಲ್, ಆಲ್ಟ್, ಶಿಫ್ಟ್ ಮೂರನ್ನೂ ಒಟ್ಟಿಗೆ ಹಿಡಿದರೆ, ಸೆಟ್ಟಿಂಗ್ ಅಳಿಸಲಾ ಅಂತ ಅದೇ ಕೇಳುತ್ತದೆ. ಪಾಸ್‌ಪೋರ್ಟ್ ಫೋಟೋ ಜೋಡಿಸೋ ಆಕ್ಷನ್ನುಗಳನ್ನು (ಒಂದೇ ಒತ್ತಿಗೆ ಸಾಲಾಗಿ ಓಡೋ ಕೆಲಸಗಳು) ಬೇರೆ ಫೈಲಾಗಿ ಮೊದಲೇ ಇಟ್ಟುಕೊಂಡಿರಿ, ಇಲ್ಲದಿದ್ದರೆ ಅವೂ ಹೋದಾವು.

ಇದೆಲ್ಲ ಓದಿ "ಹೊಸದು ತಗೋಬಾರದಾ ಮಾರಾಯ?" ಅನ್ನುವವರು ಇದ್ದೀರಿ. ಬೆಂಗಳೂರಿನಲ್ಲಿರೋ ನನ್ನ ಷಡ್ಡಕನೂ ಹಾಗೇ ಅಂತಾನೆ. ತಗೋಬಹುದು. ಆದರೆ ಮೊದಲು ಲೆಕ್ಕ ನೋಡಿ. ಫೋಟೋಶಾಪ್ ಒಂದು ಸಲ ದುಡ್ಡು ಕೊಟ್ಟು ಇಟ್ಟುಕೊಳ್ಳೋ ಕೊನೆಯ ಸರಣಿ 2012ರ ಸಿಎಸ್6. 2013ರಿಂದ ಹೊಸದೆಲ್ಲ ಚಂದಾ ಲೆಕ್ಕ. ಬಾಡಿಗೆ ಮನೆ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ದಿನಾ ಆಲ್ಬಂ ಮಾಡೋವ್ರಿಗೆ ಅದೇ ಸರಿ. ಆಷಾಢದಲ್ಲಿ ಒಂದು ಮದುವೆಯೂ ಇಲ್ಲದ ಅಂಗಡಿಗೆ ಬಾಡಿಗೆ ಮಾತ್ರ ನಿಲ್ಲಲ್ಲ, ಅಷ್ಟೇ ನನ್ನ ತಕರಾರು. ಇನ್ನು ಕಂಪ್ಯೂಟರು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11 ಹಾಕೋಣ ಅಂದರೆ ಟಿಪಿಎಂ 2.0 ಅನ್ನೋ ಭದ್ರತೆಯ ಚಿಪ್ ಬೇಕು, ಪ್ರೊಸೆಸರ್ ಇಂಟೆಲ್ ಆದರೆ ಹೆಚ್ಚುಕಮ್ಮಿ 8ನೇ ತಲೆಮಾರಿನದ್ದೋ ಮೇಲಿನದ್ದೋ ಬೇಕು. ನಮ್ಮ ಕಡೆ ಸ್ಟುಡಿಯೋಗಳಲ್ಲಿ ಕುಂಕುಮ ಇಟ್ಟುಕೊಂಡು ಕೂತಿರೋ ಡಬ್ಬಿಗಳು ಆ ಪರೀಕ್ಷೆ ಪಾಸಾಗಲ್ಲ.

ಮ್ಯಾಕ್ ಇದ್ದವರು ನಗಬೇಡಿ. 2019ರಲ್ಲಿ ಬಂದ ಮ್ಯಾಕ್‌ಓಎಸ್ ಕ್ಯಾಟಲೀನಾದಲ್ಲಿ ಹಳೇ ಕಾಲದ 32 ಬಿಟ್ ಸಾಫ್ಟ್‌ವೇರ್‌ಗಳು ಒಟ್ಟಿಗೇ ನಿಂತವು. ಅಲ್ಲಿ ಯಾವ ಟಿಕ್ಕೂ ಯಾವ ರೆಜಿಸ್ಟ್ರಿಯೂ ಇಲ್ಲ. ಹಳೇ ಮ್ಯಾಕ್‌ಓಎಸ್ ಇರೋ ಮೆಷಿನ್ನೇ ಬೇಕು.

ಒಂದು ಕಹಿ ಮಾತನ್ನೂ ಹೇಳಿಬಿಡುತ್ತೇನೆ, ಬೇಜಾರಾದರೆ ಆಗಲಿ. ನನ್ನನ್ನು ಕರೆಯುವವರಲ್ಲಿ ಕೆಲವರ ಸಾಫ್ಟ್‌ವೇರ್ ಅಪ್‌ಡೇಟಿನಿಂದ ಕೆಟ್ಟಿದ್ದಲ್ಲ. ಕಳ್ಳ ಕಾಪಿ. ಆಂಟಿವೈರಸ್ ಅಪ್‌ಡೇಟ್ ಆಗಿದೆ, ದುಡ್ಡು ಕೊಡದೆ ಓಡಿಸೋಕೆ ಹಾಕಿದ್ದ ಕ್ರ್ಯಾಕ್ ಫೈಲನ್ನು ಎತ್ತಿ ಹೊರಗೆ ಹಾಕಿದೆ. ಅದಕ್ಕೆ ಆಂಟಿವೈರಸ್ಸನ್ನೇ ಆಫ್ ಮಾಡಿಕೊಂಡು, ಹತ್ತು ಜನರ ಪೆನ್‌ಡ್ರೈವ್ ಚುಚ್ಚಿಸಿಕೊಂಡು, ಅದೇ ಕಂಪ್ಯೂಟರಿನಲ್ಲಿ ಬ್ಯಾಂಕ್ ಕೆಲಸವನ್ನೂ ಮಾಡುತ್ತಾರೆ. ಅಂಥವರಿಗೆ ನಾನು ಗಿಂಪ್ ಅನ್ನೋ ಫೋಟೋ ತಿದ್ದುವ ಸಾಫ್ಟ್‌ವೇರ್ ಹಾಕಿಕೊಟ್ಟು ಬರುತ್ತೇನೆ. ಪುಕ್ಕಟೆ, ಯುನಿಕೋಡ್ ಕನ್ನಡ ಸರಿಯಾಗಿ ಬರುತ್ತದೆ, 2025ರಲ್ಲಿ ಅದರ 3.0 ಬಂತು. ಕೈ ಪಳಗೋಕೆ ಟೈಮ್ ಬೇಕು, ಸುಳ್ಳು ಹೇಳಲ್ಲ. ನನಗೇ ಇನ್ನೂ ಪಳಗಿಲ್ಲ.

ಗೂಗಲ್ಲಿನ ಪಿಕಾಸಾ ಅನ್ನೋ ಫೋಟೋ ಸಾಫ್ಟ್‌ವೇರಿನಲ್ಲಿ ಮನೆ ಫೋಟೋ ಇಟ್ಟುಕೊಂಡವರಿಗೆ ಒಂದು ಮಾತು. 2016ರಲ್ಲೇ ಅದು ನಿಂತುಹೋಯಿತು, ಆದರೂ ಹಳೇ ಕಂಪ್ಯೂಟರುಗಳಲ್ಲಿ ಇನ್ನೂ ಓಡ್ತಾ ಇದೆ. ಅದರಲ್ಲಿ ನೀವು ತಿದ್ದಿದ್ದು ಸೇವ್ ಒತ್ತುವ ತನಕ ಫೋಟೋಗೆ ಹತ್ತಿರಲ್ಲ. ಅದೇ ಫೋಲ್ಡರಿನಲ್ಲಿ ಅಡಗಿರೋ ಒಂದು ಸಣ್ಣ ಫೈಲಿನಲ್ಲಿ ಬರೆದಿಟ್ಟಿರುತ್ತದೆ. ಬರೀ ಫೋಟೋಗಳನ್ನು ಎತ್ತಿ ಬೇರೆ ಕಡೆ ಹಾಕಿದರೆ ತಿದ್ದಿದ್ದೆಲ್ಲ ಅಲ್ಲೇ ಉಳಿಯುತ್ತದೆ. ಕಂಪ್ಯೂಟರ್ ಬದಲಿಸುವ ಮುಂಚೆ ಪಿಕಾಸಾ ತೆರೆದು ಎಲ್ಲವನ್ನೂ ಒಮ್ಮೆ ಸೇವ್ ಮಾಡಿ.

ನನ್ನ ಅಂಗಡಿಯಲ್ಲಿ ಈಗ ಎರಡು ಮೆಷಿನ್. ಹೊಸದರಲ್ಲಿ ಗಿರಾಕಿಗಳ ವಾಟ್ಸಾಪ್ ಫೋಟೋ, ಪೆನ್‌ಡ್ರೈವು, ನೆಟ್ಟು. ಅದಕ್ಕೆ ಬಂದ ಅಪ್‌ಡೇಟ್ ಎಲ್ಲ ಹಾಕುತ್ತೇನೆ, ಆದರೆ ಭಾನುವಾರ ಬೆಳಿಗ್ಗೆ. ಹಳೆಯದಕ್ಕೆ ನೆಟ್ ವೈರು ಕಿತ್ತಿದ್ದೇನೆ, ಅದು ಹಳೇ ಡಿಸೈನುಗಳಿಗೆ ಮಾತ್ರ. ಮುಗಿದ ಪ್ರತಿ ಕೆಲಸದ್ದೂ ಎರಡು ಕಾಪಿ, ಲೇಯರ್ (ಮುಖ, ಹಿನ್ನೆಲೆ, ಅಕ್ಷರ ಬೇರೆ ಬೇರೆ ಪದರ) ಇರೋದು ಒಂದು, ಎಲ್ಲ ಸೇರಿಸಿ ಟಿಫ್ ಅನ್ನೋ ಮಾಮೂಲಿ ಚಿತ್ರದ ಫೈಲ್ ಮಾಡಿದ್ದು ಒಂದು. ಇಪ್ಪತ್ತು ವರ್ಷ ಆದ ಮೇಲೆ ಲೇಯರ್ ತೆರೆಯದಿದ್ದರೂ ಮುಖವಾದರೂ ಸಿಗಲಿ ಅಂತ.

ಒಂದು ಮಾತ್ರ ಇನ್ನೂ ಸೋತಿದ್ದೇನೆ. 2006ರಲ್ಲಿ ತಗೊಂಡ ನೆಗೆಟಿವ್ ಸ್ಕ್ಯಾನರ್. ಅದನ್ನು ಕಂಪ್ಯೂಟರಿಗೆ ಪರಿಚಯ ಮಾಡಿಸೋ ಡ್ರೈವರ್ ಸಾಫ್ಟ್‌ವೇರ್ 32 ಬಿಟ್ಟಿನದು, ಹೊಸ ಮೆಷಿನ್ ಅದನ್ನು ಕಣ್ಣೆತ್ತಿ ನೋಡಲ್ಲ. ಹಳೆಯದರಲ್ಲಿ ಓಡುತ್ತಿತ್ತು, ಹೋದ ತಿಂಗಳು ಹಾರ್ಡ್ ಡಿಸ್ಕ್ ಬದಲಿಸಿದ ಮೇಲೆ ಡ್ರೈವರ್ ಸಿಡಿ ಹುಡುಕಿದರೆ ಡಬ್ಬಿ ಇದೆ, ಒಳಗೆ ಯಾವುದೋ ಭಜನೆ ಸಿಡಿ. ಹಳೇ ಸ್ಕ್ಯಾನರುಗಳನ್ನೂ ಓಡಿಸೋ ವ್ಯೂಸ್ಕ್ಯಾನ್ ಅನ್ನೋ ಸಾಫ್ಟ್‌ವೇರ್ ಹಾಕಿ ನೋಡಿ ಅಂತ ಒಬ್ಬರು ಹೇಳಿದ್ದಾರೆ, ಈ ವಾರ ನೋಡಬೇಕು. ಬೀರುವಿನಲ್ಲಿ ನಮ್ಮಪ್ಪ ತೆಗೆದ ಮೂರು ಡಬ್ಬಿ ನೆಗೆಟಿವ್ ಕೂತಿವೆ. ವ್ಯೂಸ್ಕ್ಯಾನ್ ಬಳಸಿದವರು ಯಾರಾದರೂ ಇದ್ದರೆ ಕೆಳಗೆ ಬರೆಯಿರಿ. ಅಂದಹಾಗೆ ಆ ಭಜನೆ ಸಿಡಿ ಯಾರದ್ದು ಅಂತ ಗೊತ್ತಿದ್ದರೂ ಹೇಳಿ, ನನ್ನ ಡ್ರೈವರ್ ಅವರ ಮನೇಲಿ ಇರಬಹುದು.